ಬೋರ್ಡ್ ಮೇಲಿನ ಬಾಡಿಗೆ ನಂಬ್ಕೊಂಡ್ರೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬಾಡಿಗೆ ಮನೆ ಹುಡುಕೋರ ಗೋಳು. ಅದಕ್ಕೆ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತಗೊಂಡಿದೀನಿ. ನಾನೇನು ಈ ವಿಷ್ಯದಲ್ಲಿ ಪಂಡಿತೆ ಅಲ್ಲ, ಆದ್ರೆ ಹನ್ನೊಂದು ಬಾಡಿಗೆ ಮನೆ ಬದಲಾಯಿಸಿದೋಳು, ಅದ್ರಲ್ಲಿ ಎರಡು ಕಡೆ ಚೆನ್ನಾಗೇ ಪೆಟ್ಟು ತಿಂದಿದೀನಿ, ಆ ಅನುಭವದ ಮೇಲೆ ಹೇಳ್ತಿರೋದು.

ಪ್ರಶ್ನೆ: ಮೇಡಂ ನಮಸ್ತೆ. ಕೆಲಸ ಸಿಕ್ತು ಅಂತ ದೊಡ್ಡ ಸಿಟಿಗೆ ಬಂದು ಎರಡು ತಿಂಗಳಾಯ್ತು. ಫ್ರೆಂಡ್ ರೂಮಲ್ಲಿ ಚಾಪೆ ಹಾಕ್ಕೊಂಡು ಮಲಗ್ತಿದೀನಿ, ಅವನೂ ಈಗೀಗ ಮುಖ ಗಂಟಿಕ್ತಿದಾನೆ. ಸಂಬಳದಲ್ಲಿ ಶೇ. 30ಕ್ಕಿಂತ ಜಾಸ್ತಿ ಬಾಡಿಗೆಗೆ ಹೋಗ್ಬಾರ್ದು ಅಂತ ಎಲ್ಲಾ ಕಡೆ ಬರೀತಾರೆ, ಆದ್ರೆ ಆ ದುಡ್ಡಿಗೆ ಸಿಗೋದೆಲ್ಲ ಊರಾಚೆ. ಆಫೀಸ್ ಹತ್ರ ಕೇಳಿದ್ರೆ ಹತ್ರಹತ್ರ ಅರ್ಧ ಸಂಬಳ ಹೋಗುತ್ತೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಆ ಶೇ. 30ರ ಕಥೆ ಕೇಳಪ್ಪಾ, ಅದು ಸುಮ್ನೆ ನಿನ್ನ ತಲೆ ತಿಂತಿದೆ. ಅಮೆರಿಕದಲ್ಲಿ ಬಡವರಿಗೆ ಅಂತ ಸರ್ಕಾರಿ ವಸತಿ ಮನೆಗಳಿದಾವಲ್ಲ, ಅವುಗಳ ಬಾಡಿಗೆಯೇ ಬಡವರ ಕೈಗೆ ನಿಲುಕದ ಹಾಗಾಯ್ತು ಅಂತ 1969ರಲ್ಲಿ ಎಡ್ವರ್ಡ್ ಬ್ರೂಕ್ ಅನ್ನೋ ಸೆನೆಟರ್ ಒಂದು ತಿದ್ದುಪಡಿ ತಂದ್ರು, ಬಾಡಿಗೆದಾರರ ಆದಾಯದಲ್ಲಿ ಶೇ. 25ಕ್ಕಿಂತ ಹೆಚ್ಚು ವಸೂಲಿ ಮಾಡೋ ಹಾಗಿಲ್ಲ ಅಂತ. 1981ರಲ್ಲಿ ಅದನ್ನ 30ಕ್ಕೆ ಏರಿಸಿದ್ರು. ಅಂದ್ರೆ ಅದು ಆ ಮನೆಗಳಿಗೆ ಅಂತ ಮಾಡಿದ ಮಿತಿ, ಹೆಂಗೋ ಬಾಯಿಂದ ಬಾಯಿಗೆ ಹೋಗಿ ಎಲ್ಲಾರಿಗೂ ಸೂತ್ರ ಆಗಿ ಕೂತ್ಕೊಂಡಿದೆ. ನ್ಯೂಯಾರ್ಕಲ್ಲಿ ಓನರ್‌ಗಳು ನಿನ್ನ ವರ್ಷದ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇದ್ಯಾ ಅಂತ ಕೇಳ್ತಾರೆ, ಲೆಕ್ಕ ಹಾಕಿ ನೋಡು, ಅದೂ ಸುತ್ತಿ ಬಳಸಿ ಅದೇ 30.

ಸಂಬಳ ಕಮ್ಮಿ ಇರೋರಿಗೆ 30 ಕೊಟ್ಟ ಮೇಲೆ ಉಳಿಯೋದು ಹೊಟ್ಟೆಗೇ ಸಾಲಲ್ಲ, ಜಾಸ್ತಿ ಇರೋರು 45 ಕೊಟ್ರೂ ಆರಾಮಾಗಿರ್ತಾರೆ. ಹಾಗಾಗಿ ಉಲ್ಟಾ ಲೆಕ್ಕ ಹಾಕು. ಸಂಬಳ ಕೈಗೆ ಬಂದ ತಕ್ಷಣ ಊಟ, ಸಾಲದ ಕಂತು, ಮನೆಗೆ ಕಳಿಸೋದು, ಹುಷಾರ್ ತಪ್ಪಿದ್ರೆ ಅಂತ ಒಂದಿಷ್ಟು, ಇಷ್ಟನ್ನೂ ಪಕ್ಕಕ್ಕಿಡು. ಉಳಿದಿದ್ದು ಬಾಡಿಗೆ ಪ್ಲಸ್ ಓಡಾಟ. ಇವೆರಡನ್ನ ಬೇರೆ ಬೇರೆ ನೋಡ್ಬೇಡ, ಎಲ್ರೂ ಎಡವೋದು ಇಲ್ಲೇ.

ನಿನ್ನ ಸಂಬಳ 100 ಅಂತ ಇಟ್ಕೋ. ಊರಾಚೆ ಮನೆ 28, ಆಫೀಸ್ ಹತ್ರದ್ದು 45, ನೋಡೋಕೆ 17 ಉಳೀತು ಅಲ್ವಾ. ಆದ್ರೆ ಊರಾಚೆಯಿಂದ ದಿನಾ ಬಸ್ಸು, ಅದಾದ್ಮೇಲೆ ಟ್ರೈನು, ಕೊನೇಗೆ ಲೇಟಾಯ್ತು ಅಂತ ಆಟೋ, ಎಲ್ಲಾ ಸೇರಿ 9 ಹೋಯ್ತು ಅಂದ್ಕೋ, ಹತ್ರದ ಮನೆಯಿಂದ ನಡ್ಕೊಂಡೇ ಹೋಗ್ಬಹುದು. ಈಗ ಉಳಿತಾಯ ಬರೀ 8. ಇನ್ನು ಟೈಮ್ ನೋಡು, ದೂರದಿಂದ ಒಂದ್ಕಡೆಗೆ 75 ನಿಮಿಷ, ಹತ್ರದಿಂದ 20. ದಿನಕ್ಕೆ 110 ನಿಮಿಷ ವ್ಯತ್ಯಾಸ, ತಿಂಗಳಿಗೆ 22 ದಿನ ಕೆಲಸ ಅಂದ್ರೆ 40 ಗಂಟೆ. ಆಫೀಸಲ್ಲಿ 40 ಗಂಟೆ ದುಡಿದ್ರೆ ನಿಂಗೆ ಸುಮಾರು 23 ಸಿಗುತ್ತೆ, ಅದೇ 40 ಗಂಟೆನ ಬಸ್ಸಲ್ಲಿ ನೇತಾಡ್ಕೊಂಡು 8ಕ್ಕೆ ಮಾರ್ಕೊಂಡಂಗಾಯ್ತು. ಬೋರ್ಡ್ ಮೇಲೆ 28 ಅಂತಿರುತ್ತೆ, ಇದನ್ನೆಲ್ಲ ಯಾರು ಬರೀತಾರೆ.

ಹಂಗಂತ 45 ಕೊಟ್ಟು ಹತ್ರದಲ್ಲಿರು ಅಂತ ನಾನು ಹೇಳಲ್ಲ, ಎಲ್ಲಿಂದ ತರ್ತೀಯ. ನಡುಮಧ್ಯದ್ದು ಹುಡುಕು. ಚೆಸಾರೆ ಮಾರ್ಕೆಟ್ಟಿ ಅನ್ನೋ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಒಂದು ಮಾತು ಬರೆದ್ರು, ನಡ್ಕೊಂಡು ಓಡಾಡ್ತಿದ್ದ ಕಾಲದಿಂದ ಕಾರಿನ ಕಾಲದವರೆಗೂ ಜನ ಓಡಾಟಕ್ಕೆ ಕಳೆಯೋದು ಸರಾಸರಿ ದಿನಕ್ಕೆ ಒಂದು ಗಂಟೆ, ವಾಹನ ಫಾಸ್ಟ್ ಆದಷ್ಟೂ ಮನೆ ದೂರ ಮಾಡ್ಕೊಳ್ತಾರೆ ಅಂತ. ನನ್ನ ಮಟ್ಟಿಗೂ ಅದು ಸರಿ ಅನ್ಸುತ್ತೆ, ಹೋಗೋಕರ್ಧ ಬರೋಕರ್ಧ, ಅದಕ್ಕಿಂತ ತುಂಬಾ ಜಾಸ್ತಿ ಆದ್ರೆ ಆರು ತಿಂಗಳಲ್ಲಿ ಮನುಷ್ಯ ಸಿಡಿಮಿಡಿ ಆಗ್ತಾನೆ. ಹಾಗಾಗಿ ಕಿಲೋಮೀಟರ್ ಅಳೀಬೇಡ. ಆಫೀಸ್ ಹತ್ರ ನಿಲ್ಲೋ ಬಸ್ಸೋ ಟ್ರೈನೋ ಯಾವ್ದು ನೋಡು, ಅದೇ ಲೈನ್ ಹಿಡ್ಕೊಂಡು ಹಿಂದಕ್ಕೆ ಹೋಗು, ಮಧ್ಯ ವಾಹನ ಬದಲಾಯಿಸೋ ಹಾಗಿರ್ಬಾರ್ದು. ಎಲ್ಲಾರೂ ಮುಗಿಬೀಳೋ ಒಂದು ಸ್ಟಾಪ್ ಇರುತ್ತೆ, ಅದನ್ನ ದಾಟಿ ಎರಡು ಮೂರು ಸ್ಟಾಪ್ ಮುಂದೆ ಇಳಿದ್ರೆ ಬಾಡಿಗೆ ಎಷ್ಟೋ ಸಲ ಜಾಸ್ತಿನೇ ಇಳಿದಿರುತ್ತೆ, ಟೈಮ್ ಮಾತ್ರ ಹತ್ತು ನಿಮಿಷ ಹೆಚ್ಚಾಗಿರುತ್ತೆ ಅಷ್ಟೇ.

ಅಲ್ಲಿ ಇಳಿದು ನಡಿ. ಆ್ಯಪಲ್ಲಿ ಹುಡುಕ್ಬೇಡ ಅಂತಲ್ಲ, ಏರಿಯಾದಲ್ಲಿ ರೇಟ್ ಎಷ್ಟು ನಡೀತಿದೆ ಅಂತ ತಿಳ್ಕೊಳ್ಳೋಕೆ ಅದು ಬೇಕು, ಆದ್ರೆ ಅಲ್ಲಿ ಹಾಕಿದ ಕಮ್ಮಿ ಬಾಡಿಗೆ ಮನೆಗೆ ಸಂಜೆಯೊಳಗೆ ಐವತ್ತು ಫೋನ್ ಬಂದಿರುತ್ತೆ. ವಯಸ್ಸಾದ ಓನರ್‌ಗಳು, ಒಂದೇ ಒಂದು ಮನೆ ಬಾಡಿಗೆಗೆ ಕೊಡೋರು, ಇವ್ರೆಲ್ಲ ಗೇಟಿಗೊಂದು ಬೋರ್ಡ್ ನೇತುಹಾಕಿ ಸುಮ್ನಿರ್ತಾರೆ, ಕೆಲವ್ರು ಅದೂ ಹಾಕಲ್ಲ, ಪಕ್ಕದ ಮನೆಯೋರಿಗೆ ಹೇಳಿರ್ತಾರೆ. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಯಾವ ಫ್ಲ್ಯಾಟು ಮುಂದಿನ ತಿಂಗಳು ಖಾಲಿ ಆಗುತ್ತೆ ಅಂತ ಓನರ್‌ಗಿಂತ ಮುಂಚೆ ಗೊತ್ತಿರುತ್ತೆ. ನಂಬರ್ ಕೊಟ್ಟು ಬಾ, ಒಂದು ವಾರ ಬಿಟ್ಟು ಮತ್ತೆ ಹೋಗಿ ಮಾತಾಡ್ಸು, ಒಂದೇ ಸಲ ಕೇಳಿ ಬಂದ್ರೆ ಯಾರೂ ನೆನಪಿಟ್ಕೊಳ್ಳಲ್ಲ. ನನ್ನ ಹನ್ನೊಂದರಲ್ಲಿ ನಾಲ್ಕು ಮನೆ ಹಿಂಗೇ ಸಿಕ್ಕಿದ್ದು.

ಅಲ್ಲೀವರೆಗೆ ಆ ಫ್ರೆಂಡ್‌ಗೆ ಅರ್ಧ ಬಾಡಿಗೆ ಕೊಡೋಕೆ ಶುರು ಮಾಡು. ಮುಖದ ಗಂಟು ತಾನಾಗೇ ಬಿಚ್ಕೊಳ್ಳುತ್ತೆ.

ಪ್ರಶ್ನೆ: ಒಂದು ಮನೆ ಫೋಟೋ ನೋಡ್ದೆ, ತುಂಬಾ ಚೆನ್ನಾಗಿದೆ, ಬಾಡಿಗೆ ಅಕ್ಕಪಕ್ಕದ್ದಕ್ಕಿಂತ ಅರ್ಧ. ಓನರ್ ಫಾರಿನ್ನಲ್ಲಿದಾರಂತೆ, ಟೋಕನ್ ಅಡ್ವಾನ್ಸ್ ಕಳಿಸಿದ್ರೆ ಕೀ ಕೊರಿಯರ್ ಮಾಡ್ತೀನಿ ಅಂತಾರೆ. ಇಷ್ಟು ಒಳ್ಳೆ ಮನೆ ಬೇರೆಯೋರ ಪಾಲಾದ್ರೆ ಅಂತ ಭಯ.

ಉತ್ತರ: ಅಲ್ಲಿ ಮನೆನೇ ಇಲ್ಲ ಕಣಮ್ಮಾ. ಮನೆ ಇದ್ರೂ ಅದು ಅವ್ನದ್ದಲ್ಲ. ಇದು ಪ್ರಪಂಚದ ಎಲ್ಲಾ ದೊಡ್ಡ ಊರಲ್ಲೂ ನಡಿಯೋ ಹಳೇ ಆಟ, ಕಥೆ ಕೂಡ ಬದಲಾಯಿಸಲ್ಲ ಅವ್ರು: ಓನರ್ ದೂರ ಇದಾನೆ, ಬಾಡಿಗೆ ಅರ್ಧ, ಇವತ್ತೇ ದುಡ್ಡು ಹಾಕ್ಬೇಕು. ಆ ಫೋಟೋನ ಇಮೇಜ್ ಸರ್ಚಲ್ಲಿ ಹಾಕಿ ನೋಡಿ, ಯಾವ್ದೋ ಹೋಟೆಲಿಂದೋ, ಮಾರಾಟಕ್ಕಿರೋ ಬೇರೆ ಮನೇದೋ ಸಿಗೋ ಚಾನ್ಸ್ ಜಾಸ್ತಿ. ಮನೆ ಒಳಗೆ ಕಾಲಿಡದೆ, ಕೊಡೋ ಮನುಷ್ಯನಿಗೆ ಆ ಮನೆಗೆ ಏನು ಸಂಬಂಧ ಅಂತ ಕಾಗದದಲ್ಲಿ ನೋಡದೆ ಒಂದು ಪೈಸೆನೂ ಕಳಿಸ್ಬೇಡಿ. ನಿಮ್ಮ ಗುರುತಿನ ಚೀಟಿ ಕಾಪಿ ಕಳಿಸಿದೀರಾ? ಪತ್ರದಲ್ಲಿ ಬರ್ದಿಲ್ಲ. ಕಳಿಸಿದ್ರೆ ಚಾಟು, ನಂಬರು ಎಲ್ಲಾ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡು ಪೊಲೀಸರಿಗೆ ಒಂದು ದೂರು ಕೊಟ್ಬಿಡಿ, ನಿಮ್ಮ ಚೀಟಿ ತೋರಿಸಿಯೇ ಮುಂದಿನೋರಿಗೆ ಟೋಪಿ ಹಾಕ್ತಾರೆ.

ಪ್ರಶ್ನೆ: ಮನೆ ನೋಡೋಕೆ ಹೋದಾಗ ಓನರ್ ಪಕ್ಕದಲ್ಲೇ ನಿಂತಿರ್ತಾರೆ, ನಂಗೆ ಸಂಕೋಚ, ಐದು ನಿಮಿಷದಲ್ಲಿ ಚೆನ್ನಾಗಿದೆ ಅಂದು ಬಂದ್ಬಿಡ್ತೀನಿ. ಏನೇನು ನೋಡ್ಬೇಕು ಹೇಳಿ.

ಉತ್ತರ: ನಾನು ಪೆಟ್ಟು ತಿಂದಿದ್ದೂ ಇದೇ ಸಂಕೋಚಕ್ಕೆ. ಒಂದು ಮನೆ, ಬಾಡಿಗೆ ಕಮ್ಮಿ, ಒಳಗೆ ಹೋದ್ರೆ ಬೆಡ್‌ರೂಮಿನ ಒಂದೇ ಒಂದು ಗೋಡೆಗೆ ಹೊಸಾ ಪೇಂಟು, ಘಮಘಮ ವಾಸನೆ. ನಿಮಗೋಸ್ಕರ ಬಣ್ಣ ಹೊಡ್ಸಿದೀನಿ ಅಂದ್ರು ಆ ಓನರ್, ನಾನು ಖುಷಿಯಾಗಿ ಅಡ್ವಾನ್ಸ್ ಕೊಟ್ಟು ಬಂದೆ. ಉಳಿದ ಮೂರು ಗೋಡೆಗೆ ಯಾಕೆ ಹೊಡ್ಸಿಲ್ಲ ಅಂತ ಕೇಳೋ ಬುದ್ಧಿ ಬರ್ಲಿಲ್ಲ ನೋಡಿ. ಮಳೆ ಶುರುವಾಗಿ ಎರಡನೇ ವಾರಕ್ಕೆ ಆ ಗೋಡೆ ಹಪ್ಪಳದ ಥರ ಉಬ್ಬಿ, ಉಗುರಲ್ಲಿ ಮುಟ್ಟಿದ್ರೆ ಪುಡಿಪುಡಿ, ಅದ್ರ ಹಿಂದೆ ಕಪ್ಪಗೆ ಬೂಸ್ಟು. ಆ ಕಡೆ ಬಾತ್‌ರೂಮಿನ ಪೈಪು ಸೋರ್ತಿತ್ತು. ಬೀರುವಲ್ಲಿದ್ದ ಬಟ್ಟೆಗೆಲ್ಲ ಅದೇ ವಾಸನೆ, ನಾನು ಆ ವರ್ಷ ಪೂರ್ತಿ ಕೆಮ್ಮಿದೀನಿ.

ಅವತ್ತಿಂದ ನಾನು ಮಾಡೋದು ಇಷ್ಟು. ಬಾತ್‌ರೂಮಿಗೆ ಅಂಟ್ಕೊಂಡಿರೋ ಗೋಡೆ ಯಾವ್ದು ಅಂತ ನೋಡಿ ಅದಕ್ಕೆ ಅಂಗೈ ಇಡ್ತೀನಿ, ಕೆಳಗಡೆ ನೆಲದ ಹತ್ರ, ತಣ್ಣಗೆ ಜಿಗುಟಾಗಿದ್ರೆ ಅಲ್ಲಿಗೆ ಮುಗೀತು. ಸಿಂಕಿನ ಕೆಳಗಿನ ಬಾಗಿಲು ತೆಗೆದು ಬಗ್ಗಿ ನೋಡ್ತೀನಿ, ಜಿರಲೆ, ಪೈಪಿನ ಕರೆ ಎಲ್ಲಾ ಅಲ್ಲೇ ಇರುತ್ತೆ. ಅಡುಗೆಮನೆ ನಲ್ಲಿ ಪೂರ್ತಿ ಬಿಟ್ಟು ಹೋಗಿ ಟಾಯ್ಲೆಟ್ ಫ್ಲಶ್ ಮಾಡ್ತೀನಿ, ಎರಡೂ ಒಟ್ಟಿಗೆ ಬಿಟ್ಟಾಗ ನಲ್ಲಿ ನೀರು ದಾರದಷ್ಟು ಸಣ್ಣ ಆದ್ರೆ ಬೆಳಗ್ಗೆ ಎಲ್ಲಾರೂ ಎದ್ದ ಟೈಮಲ್ಲಿ ನಿಮ್ಗೆ ಸ್ನಾನ ಇಲ್ಲ. ಬಾಗಿಲು ಹಾಕ್ಕೊಂಡು ಒಳಗಿಂದ ಯಾರಿಗಾದ್ರೂ ಫೋನ್ ಮಾಡಿ ನೋಡಿ, ಮಲಗೋ ಕೋಣೇಲಿ ಸಿಗ್ನಲ್ ಇಲ್ದಿರೋ ಮನೆಗಳು ಬೇಕಾದಷ್ಟಿವೆ. ಕರೆಂಟ್ ಮೀಟರ್ ನಿಮ್ಮ ಮನೆಗೆ ಬೇರೆ ಇದ್ಯಾ ಕೇಳಿ, ಒಂದೇ ಮೀಟರಲ್ಲಿ ಎರಡು ಮನೆ ಅಂದ್ರೆ ತಿಂಗಳಾ ತಿಂಗಳಾ ಜಗಳ. ಮೇಲಿನ ಕೊನೇ ಮಹಡಿ ಕಮ್ಮಿಗೆ ಸಿಗ್ತಿದ್ರೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನಿಂತು ನೋಡಿ, ಯಾಕೆ ಕಮ್ಮಿ ಅಂತ ಸೀಲಿಂಗೇ ಹೇಳುತ್ತೆ.

ಓನರ್ ಏನಂದ್ಕೊಳ್ತಾರೋ ಅನ್ನೋ ಸಂಕೋಚ ಇದ್ರೆ ಜೊತೆಗೆ ಮಾತಿನಮಲ್ಲಿ ಒಬ್ರನ್ನ ಕರ್ಕೊಂಡು ಹೋಗಿ, ಅವ್ರು ಓನರ್ ಜೊತೆ ಊರ ಸುದ್ದಿ ಮಾತಾಡ್ತಿರ್ಲಿ ನೀವು ನಲ್ಲಿ ತಿರುಗಿಸಿ. ಇನ್ನೊಂದ್ಸಲ ಒಬ್ರೇ ರಾತ್ರಿ ಒಂಬತ್ತರ ಮೇಲೆ ಆ ಬೀದೀಲಿ ನಡ್ಕೊಂಡು ಬನ್ನಿ, ಬೀದಿ ದೀಪ ಇದ್ಯಾ, ಕೆಳಗಿನ ಮನೇಲಿ ಎಷ್ಟು ಜೋರಾಗಿ ಟಿವಿ ಹಾಕ್ತಾರೆ ಎಲ್ಲಾ ಗೊತ್ತಾಗುತ್ತೆ. ಈಗಿರೋ ಬಾಡಿಗೆಯೋರು ಸಿಕ್ಕಿದ್ರಂತೂ ಬಿಡ್ಲೇಬೇಡಿ, ಯಾಕೆ ಖಾಲಿ ಮಾಡ್ತಿದೀರಿ ಅಂತ ಕೇಳಿ. ಟ್ರಾನ್ಸ್‌ಫರ್ ಅಂತ ಪಟ್ ಅಂತ ಹೇಳಿದ್ರೆ ಸರಿ, ಓನರ್ ಮುಖ ನೋಡಿ ಆಮೇಲೆ ಹೇಳಿದ್ರೆ ಕೆಳಗಿಳಿದ ಮೇಲೆ ಇನ್ನೊಂದ್ಸಲ ಕೇಳಿ.

ಮನೆ ಒಪ್ಪಿಗೆ ಆಯ್ತು ಅಂದ್ರೆ ಸಾಮಾನು ಇಳಿಸೋ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ, ಗೋಡೆಯ ಮೊಳೆ ತೂತು, ಒಡೆದ ಟೈಲ್ಸು, ಮೀಟರ್ ರೀಡಿಂಗು ಎಲ್ಲಾ ಬರ್ಬೇಕು, ಅವತ್ತೇ ಓನರ್‌ಗೆ ಕಳಿಸಿ. ಖಾಲಿ ಮಾಡೋವಾಗ ಅಡ್ವಾನ್ಸಲ್ಲಿ ಮುರ್ಕೊಳ್ಳೋ ಮಾತು ಬಂದಾಗ ಅದು ಕೈ ಹಿಡಿಯುತ್ತೆ.

ಪ್ರಶ್ನೆ: ಒಬ್ರು ಓನರ್ ಒಂದು ದೊಡ್ಡ ಮೊತ್ತ ಒಟ್ಟಿಗೆ ಕೊಟ್ರೆ ಮೂರು ವರ್ಷ ಬಾಡಿಗೆನೇ ಬೇಡ, ಕೊನೇಗೆ ಪೂರ್ತಿ ವಾಪಸ್ ಅಂತಾರೆ. ಊರಲ್ಲಿರೋ ಜಮೀನು ಮಾರಿದ ದುಡ್ಡು ನಮ್ಮ ಯಜಮಾನರ ಹತ್ರ ಇದೆ. ಭೋಗ್ಯಕ್ಕೆ ಹೋಗೋದು ಲಾಭ ಅಲ್ವಾ ಅಕ್ಕಾ?

ಉತ್ತರ: ಲಾಭದ ಲೆಕ್ಕ ಸುಲಭ. ಅದೇ ದುಡ್ಡು ಬ್ಯಾಂಕಲ್ಲಿಟ್ರೆ ವರ್ಷಕ್ಕೆ ಬರೋ ಬಡ್ಡಿ ಎಷ್ಟು, ಅಂಥದ್ದೇ ಮನೆಗೆ ವರ್ಷದ ಬಾಡಿಗೆ ಎಷ್ಟು, ಬಡ್ಡಿಗಿಂತ ಬಾಡಿಗೆ ಜಾಸ್ತಿ ಇದ್ರೆ ಭೋಗ್ಯ ವಾಸಿ. ಬಹಳಷ್ಟು ಸಲ ವಾಸಿನೇ ಇರುತ್ತೆ. ನನ್ನ ಭಯ ಬೇರೆ. ಆ ದುಡ್ಡನ್ನ ಓನರ್ ಬೀರುವಲ್ಲಿಟ್ಟು ಕಾಯಲ್ಲ, ಸಾಲ ತೀರಿಸ್ತಾರೆ, ಇನ್ನೊಂದು ಸೈಟಿಗೆ ಹಾಕ್ತಾರೆ. ನಿಮಗೆ ವಾಪಸ್ ಕೊಡೋದು ಮುಂದೆ ಬರೋ ಭೋಗ್ಯದೋರ ದುಡ್ಡಿಂದ.

ದಕ್ಷಿಣ ಕೊರಿಯಾದಲ್ಲಿ ಇದೇ ಪದ್ಧತಿ ದೊಡ್ಡದಾಗಿ ನಡಿಯುತ್ತೆ, ಜೊನ್ಸೆ ಅಂತಾರೆ, ಮನೆ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೊಟ್ಟು ಬಾಡಿಗೆ ಇಲ್ದೆ ಇರೋದು. 2022ರಲ್ಲಿ ಬಡ್ಡಿ ಏರಿ ಮನೆ ಬೆಲೆ ಬಿದ್ದಾಗ ಮುಂದಿನ ಬಾಡಿಗೆಯೋರು ಅಷ್ಟು ಮೊತ್ತ ಕೊಡೋಕೆ ಒಪ್ಲಿಲ್ಲ, ಹಳಬರಿಗೆ ವಾಪಸ್ ಕೊಡೋಕೆ ಓನರ್‌ಗಳ ಕೈಲಿ ಇಲ್ಲ. ಅದ್ರ ಜೊತೆ ಕೊಡೋ ಉದ್ದೇಶನೇ ಇಲ್ದೆ ಹತ್ತಾರು ಮನೆ ಇಟ್ಕೊಂಡು ಮೋಸ ಮಾಡಿದೋರೂ ಸಿಕ್ಕಿಬಿದ್ರು. ಕಳ್ಕೊಂಡೋರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರೇ ಜಾಸ್ತಿ, ಅವ್ರಿಗೋಸ್ಕರ 2023ರಲ್ಲಿ ಅಲ್ಲಿನ ಸರ್ಕಾರ ವಿಶೇಷ ಕಾನೂನೇ ಮಾಡ್ಬೇಕಾಯ್ತು.

ಹಾಗಾಗಿ ನೀವು ಕೇಳ್ಬೇಕಾದ ಮೊದಲ್ನೇ ಪ್ರಶ್ನೆ, ಮನೆ ಮೇಲೆ ಸಾಲ ಇದ್ಯಾ. ಬಾಯಿ ಮಾತಲ್ಲ, ದಾಖಲೆ ತೆಗೆಸಿ ವಕೀಲರಿಗೆ ತೋರಿಸಿ. ಅಡ ಇಟ್ಟ ಮನೆ ಹರಾಜಿಗೆ ಬಂದ್ರೆ ಸಾಮಾನ್ಯವಾಗಿ ಬ್ಯಾಂಕು ಮುಂದೆ ನೀವು ಹಿಂದೆ. ಕರಾರು ನೋಂದಣಿ ಆಗ್ಲೇಬೇಕು, ದುಡ್ಡು ಬ್ಯಾಂಕ್ ಮೂಲಕನೇ ಹೋಗ್ಬೇಕು. ಓನರ್ ಇದಕ್ಕೆ ಅಷ್ಟೆಲ್ಲಾ ಯಾಕಮ್ಮಾ ನಂಬಿಕೆ ಇಲ್ವಾ ಅಂದ್ರೆ ಎದ್ದು ಬನ್ನಿ. ಜಮೀನು ಮಾರಿದ ದುಡ್ಡು ಅಂತೀರಿ, ಎರಡನೇ ಸಲ ಮಾರೋಕೆ ಜಮೀನು ಇಲ್ಲ.

ಮಾಮೂಲಿ ಬಾಡಿಗೆಯ ಅಡ್ವಾನ್ಸ್ ಎಷ್ಟು ಕೊಡ್ಬಹುದು ಅಂತ ಇನ್ನೂ ಮೂರು ಜನ ಕೇಳಿದೀರಿ. ಅದು ಒಂದೊಂದು ಕಡೆ ಒಂದೊಂದು ಥರ, ಜರ್ಮನಿಯಲ್ಲಿ ಮೂರು ತಿಂಗಳ ಬಾಡಿಗೆ ದಾಟಂಗಿಲ್ಲ, ನ್ಯೂಯಾರ್ಕಲ್ಲಿ 2019ರಿಂದ ಒಂದೇ ತಿಂಗಳು, ಇಂಗ್ಲೆಂಡಲ್ಲಿ ಅದೇ ವರ್ಷದಿಂದ ಬಹುತೇಕ ಮನೆಗಳಿಗೆ ಐದು ವಾರ. ನೀವಿರೋ ಕಡೆ ಏನಿದೆ ನೋಡ್ಕೊಳ್ಳಿ. ಎಲ್ಲಿದ್ರೂ ರಸೀದಿ ತಗೊಳ್ಳಿ, ಎಷ್ಟು ದಿನದಲ್ಲಿ ವಾಪಸ್ ಅಂತ ಕರಾರಲ್ಲಿ ಬರ್ಸಿ.

ಪ್ರಶ್ನೆ: ನಾವು ಮೂವರು ಹುಡುಗೀರು ಸೇರಿ ಒಂದು ಫ್ಲ್ಯಾಟ್ ತಗೊಂಡ್ವಿ, ಅಗ್ರಿಮೆಂಟ್ ನನ್ನ ಹೆಸರಲ್ಲಿದೆ. ಒಬ್ಳು ಮದುವೆ ಫಿಕ್ಸಾಯ್ತು ಅಂತ ಮುಂದಿನ ವಾರ ಹೋಗ್ತಾಳಂತೆ. ಅವಳ ಪಾಲು ಯಾರು ಕೊಡ್ಬೇಕು?

ಉತ್ತರ: ಓನರ್ ದೃಷ್ಟಿಯಲ್ಲಿ ನೀನೇ. ಕಾಗದದಲ್ಲಿ ಸಹಿ ಯಾರದ್ದೋ ಅವ್ರನ್ನೇ ಹಿಡ್ಕೊಳ್ಳೋದು, ನಿಮ್ಮ ನಿಮ್ಮೊಳಗಿನ ಪಾಲು ಅವ್ರಿಗೆ ಬೇಕಾಗಿಲ್ಲ. ಮೂವರದ್ದೂ ಸಹಿ ಇದ್ದಿದ್ರೂ ಬಹಳ ಕಡೆ ಪೂರ್ತಿ ಬಾಡಿಗೆಗೆ ಮೂವರೂ ಹೊಣೆ ಅಂತಲೇ ಬರೆದಿರ್ತಾರೆ. ಈಗ ಅವಳ ಹತ್ರ ಪ್ರೀತಿಯಿಂದಲೇ ಮಾತಾಡು, ಒಂದು ತಿಂಗಳ ಪಾಲು ಕೊಟ್ಟು ಹೋಗ್ಲಿ ಇಲ್ಲಾ ತನ್ನ ಜಾಗಕ್ಕೆ ಒಬ್ಬಳನ್ನ ತೋರಿಸಿ ಹೋಗ್ಲಿ, ಅಡ್ವಾನ್ಸಲ್ಲಿ ಅವಳ ಭಾಗ ಹೊಸಬಳು ಬಂದ್ಮೇಲೆ ವಾಪಸ್. ಹೊಸಬಳು ಬರೋದಕ್ಕೆ ಓನರ್ ಒಪ್ಪಿಗೆ ಮೆಸೇಜಲ್ಲಾದ್ರೂ ತಗೋ. ಬಂದ ದಿನಾನೇ ಒಂದು ಹಾಳೇಲಿ ಬರ್ಕೊಳ್ಳಿ: ಯಾರ ಪಾಲು ಎಷ್ಟು, ಬಿಡೋಕೆ ಎಷ್ಟು ದಿನ ಮುಂಚೆ ಹೇಳ್ಬೇಕು, ಗ್ಯಾಸು, ಕರೆಂಟು, ಪಾತ್ರೆ ತೊಳೆಯೋದು. ಪಾತ್ರೆ ಬಗ್ಗೆ ತಮಾಷೆಗೆ ಹೇಳ್ತಿಲ್ಲ, ಬಾಡಿಗೆಗಿಂತ ಜಾಸ್ತಿ ಫ್ಲ್ಯಾಟುಗಳು ಒಡೆದಿರೋದು ಸಿಂಕ್ ಮುಂದೆ.

ಪ್ರಶ್ನೆ: ಬಾಡಿಗೆ ಚೌಕಾಸಿ ಮಾಡಿದ್ರೆ ಮನೆನೇ ಕೊಡಲ್ವೇನೋ ಅಂತ ಭಯ. ಮತ್ತೆ ಎರಡು ಮನೆ ಇಷ್ಟ ಆಗಿದೆ, ಒಂದರಲ್ಲಿ ಬಾಡಿಗೆ ಕಮ್ಮಿ ಆದ್ರೆ ವರ್ಷಕ್ಕೆ ಶೇ. 10 ಏರಿಸ್ತಾರಂತೆ, ಇನ್ನೊಂದು ಸ್ವಲ್ಪ ಜಾಸ್ತಿ, ಏರಿಕೆ ಶೇ. 5. ಯಾವ್ದು ತಗೊಳ್ಳಿ?

ಉತ್ತರ: ಮರ್ಯಾದೆಯಿಂದ ಕೇಳಿದ್ರೆ ಯಾರೂ ಓಡಿಸಲ್ಲ ಸ್ವಾಮಿ, ಹೆಚ್ಚೆಂದ್ರೆ ಆಗಲ್ಲ ಅಂತಾರೆ. ಓನರ್‌ಗೆ ನಿಜವಾದ ನಷ್ಟ ಮನೆ ಖಾಲಿ ಬಿದ್ದಾಗ, ಒಂದು ತಿಂಗಳು ಖಾಲಿ ಇದ್ರೆ ವರ್ಷದ ಆದಾಯದಲ್ಲಿ ಶೇ. 8ಕ್ಕಿಂತ ಹೆಚ್ಚು ಹೋಯ್ತು ಅಂತ. ಆದ್ರಿಂದ ಒಂದು ತಿಂಗಳಿಂದ ಬೋರ್ಡ್ ನೇತಾಡ್ತಿರೋ ಮನೆ ನೋಡಿ ಕೇಳಿ, ನಿನ್ನೆ ಹಾಕಿದ ಬೋರ್ಡ್ ಮುಂದೆ ಕೇಳ್ಬೇಡಿ. ಬರೀ ಕಮ್ಮಿ ಮಾಡಿ ಅನ್ನೋ ಬದ್ಲು ಏನಾದ್ರೂ ಕೊಟ್ಟು ಕೇಳಿ, ಎರಡು ವರ್ಷ ಇರ್ತೀನಿ, ಒಂದನೇ ತಾರೀಖೇ ಅಕೌಂಟಿಗೆ ಬರುತ್ತೆ, ಈ ವಾರಾನೇ ಬರ್ತೀನಿ ಅಂತ. ಬಾಡಿಗೆ ಇಳಿಸೋಕೆ ಒಪ್ಪದಿದ್ರೆ ಸೊಳ್ಳೆ ಜಾಲರಿ, ಗೀಸರ್ ರಿಪೇರಿ ಇಂಥದ್ದು ಕೇಳಿ, ಎಷ್ಟೋ ಜನಕ್ಕೆ ಬಾಡಿಗೆ ಇಳಿಸೋದು ಅವಮಾನ, ಗೀಸರ್ ಹಾಕ್ಸೋದು ದೊಡ್ಡಸ್ತಿಕೆ.

ಎರಡು ಮನೆ ಲೆಕ್ಕ ಹಾಕಿ ನೋಡ್ದೆ. ಮೊದಲ್ನೇದು 100, ಎರಡನೇದು 108 ಅಂತ ಇಟ್ಕೊಳ್ಳಿ. ಎರಡನೇ ವರ್ಷ 110 ಮತ್ತು 113, ಮೂರನೇ ವರ್ಷಕ್ಕೆ ಉಲ್ಟಾ ಹೊಡೆಯುತ್ತೆ, 121 ಮತ್ತು 119. ಆದ್ರೆ ಒಟ್ಟು ಕೊಟ್ಟ ದುಡ್ಡು ಕೂಡಿದ್ರೆ ನಾಲ್ಕನೇ ವರ್ಷದ ಕೊನೆಗೆ ಎರಡೂ ಹೆಚ್ಚುಕಮ್ಮಿ ಸಮ, ಐದನೇ ವರ್ಷದಿಂದ ಮೊದಲ್ನೇ ಮನೆ ದುಬಾರಿ. ಹಾಗಾಗಿ ಮೂರು ವರ್ಷಕ್ಕೆ ಬಿಡೋ ಅಂದಾಜಿದ್ರೆ ಕಮ್ಮಿ ಬಾಡಿಗೇದು, ಮಗು ಸ್ಕೂಲಿಗೆ ಸೇರಿಸಿ ಅಲ್ಲೇ ಇರ್ತೀವಿ ಅಂದ್ರೆ ಶೇ. 5ರದ್ದು. ನಿಮ್ಮ ನಿಜವಾದ ಅಂಕಿ ಹಾಕಿ ಇನ್ನೊಂದ್ಸಲ ಮಾಡ್ಕೊಳ್ಳಿ, ನೀವು ಪತ್ರದಲ್ಲಿ ಬರೀ ಸ್ವಲ್ಪ ಜಾಸ್ತಿ ಅಂತ ಬರೆದಿದೀರಿ. ಆ ಶೇ. 5 ಅನ್ನೋದು ಓನರ್ ಬಾಯಲ್ಲಿದ್ಯೋ ಅಗ್ರಿಮೆಂಟಲ್ಲಿದ್ಯೋ ಅದನ್ನೂ ಓದಿ ನೋಡಿ, ಅಲ್ಲಿ "ಆಗಿನ ಮಾರ್ಕೆಟ್ ದರದಂತೆ" ಅಂತಿದ್ರೆ ಸಹಿ ಹಾಕೋ ಮುಂಚೆ ಹೊಡೆದು ಹಾಕ್ಸಿ ಅಂಕಿ ಬರ್ಸಿ.